ಒಂದು ಗಂಡು ಹುಳಕ್ಕಾಗಿ ಮೂರು ಚಳಿಗಾಲ

1. ಮಳೆ ನೋಡಿ ಹೊರಡಬೇಕು. ಮಲೆನಾಡಿನಲ್ಲಿ ಬೆಳೆದ ನನಗೆ ಚೋರಟೆ (ಸಹಸ್ರಪದಿ) ಎಂದರೆ ಜೂನ್ ತಿಂಗಳು. ಆ ಲೆಕ್ಕದಲ್ಲೇ ಗ್ರೀಸಿನ ಕ್ರೀಟ್ ದ್ವೀಪಕ್ಕೆ ಹೋಗಿ ಮೂರು ವಾರ ಕಳೆದುಕೊಂಡೆ. ಯಾವ ಕಲ್ಲು ಮಗುಚಿದರೂ ಒಣಮಣ್ಣು, ಇರುವೆ. ಮೆಡಿಟರೇನಿಯನ್ ದ್ವೀಪಗಳಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಬೇಸಿಗೆಗೆ ಸಹಸ್ರಪದಿಗಳು ಸುಣ್ಣಕಲ್ಲಿನ ಬಿರುಕುಗಳಲ್ಲಿ ಆಳಕ್ಕೆ ಇಳಿದುಬಿಡುತ್ತವೆ.

2. ಮಗುಚಿದ ಕಲ್ಲನ್ನು ಇದ್ದ ಹಾಗೇ ಮತ್ತೆ ಇಡಬೇಕು. ಅಡಿಯ ತೇವ ಆರಿತೆಂದರೆ ಅಲ್ಲಿನ ಸಂಸಾರವೇ ಹೋಯಿತು.

3. ಗಂಡು ಸಿಗುವವರೆಗೆ ಹೊಸ ಜಾತಿ ಎಂದು ಬಾಯಿ ಬಿಡಬಾರದು. ಜನವರಿಯಲ್ಲಿ ಲೆಫ್ಕಾ ಓರಿ ಬೆಟ್ಟಗಳ ಬುಡದ ಕಣಿವೆಯೊಂದರಲ್ಲಿ, ಮುಳ್ಳೆಲೆಯ ಓಕ್ ಮರದ ತರಗೆಲೆ ಜರಡಿ ಹಿಡಿದಾಗ ಹನ್ನೊಂದು ಹುಳ ಸಿಕ್ಕವು. ಬಿಳಿಚು ಮೈ, ಮುಟ್ಟಿದೊಡನೆ ಚಕ್ಕುಲಿಯಂತೆ ಸುರುಳಿ. ಬೆರಳಿಗೆ ಹತ್ತಿದ ಕಂದು ಕಲೆ, ಆ ಘಾಟು, ಎರಡೂ ಊರಿನ ಚೋರಟೆಯವೇ. ಆದರೆ ಎಲ್ಲವೂ ಹೆಣ್ಣು, ಮರಿ. ಜಾತಿ ಹೇಳುವುದು ಗಂಡಿನ ಗೊನೊಪಾಡ್, ಅಂದರೆ ಏಳನೇ ಉಂಗುರದಲ್ಲಿ ಕಾಲುಗಳೇ ಮಾರ್ಪಟ್ಟು ಆದ ಕೂಡುವ ಅಂಗ. ಹೊರಗೆ ಒಂದೇ ಥರ ಕಾಣುವ ಹುಳುಗಳಲ್ಲೂ ಅದರ ಆಕಾರ ಬೇರೆಬೇರೆ. ಮರುವರ್ಷ ಅದೇ ಮರದಡಿ ಸಿಕ್ಕ ಒಂದನ್ನು ಮಸೂರದಡಿ ಹಿಡಿದೆ: ಮೊದಲ ಜೊತೆ ಕಾಲು ಕೊಕ್ಕೆಯಂತೆ ಬಾಗಿತ್ತು. ಈ ಹುಳ ಸೇರಿದ ಕುಟುಂಬದಲ್ಲಿ ಅದು ಬೆಳೆದ ಗಂಡಿನ ಗುರುತು. ನನ್ನ ಕೈ ನಡುಗಿತು.

4. ಸೀಸೆ ಎರಡಿರಲಿ. ಡಿಎನ್‌ಎ ನೋಡಲು ಶೇ. 96ರ ಆಲ್ಕೋಹಾಲ್ ಒಳ್ಳೆಯದು, ಆದರೆ ಅದರಲ್ಲಿ ಮೈ ಸೆಟೆದು ಕಾಲುಗಳು ಮುರಿಯುತ್ತವೆ. ಅಂಗಗಳನ್ನು ಬಿಡಿಸಿ ನೋಡಲು ಶೇ. 70 ಸಾಕು. ಒಳಗಿನ ಚೀಟಿಯನ್ನು ಪೆನ್ಸಿಲ್‌ನಲ್ಲೇ ಬರೆಯಿರಿ. ಬಾಲ್‌ಪೆನ್ನಿನ ಶಾಯಿ ಕರಗಿ, ಜಾಗ ತಾರೀಕು ಎರಡೂ ಇಲ್ಲದ ಹುಳ ನನ್ನ ಬಳಿ ಇವತ್ತಿಗೂ ಇದೆ.

5. ಹೊಸದು ಎನ್ನುವ ಮೊದಲು ಹಳೆಯದನ್ನೆಲ್ಲ ನೋಡಬೇಕು. ಕ್ರೀಟ್‌ನ ಬಹುಪದಿಗಳ ಮೇಲೆ ಕಾರ್ಲ್ ಆಟೆಮ್ಸ್ 1902ರಲ್ಲೇ ಜರ್ಮನ್‌ನಲ್ಲಿ ಬರೆದಿದ್ದಾರೆ. ಅದನ್ನು ನಿಘಂಟು ಹಿಡಿದು ಸಾಲುಸಾಲಾಗಿ ಓದಿದೆ. ಚಿತ್ರಗಳ ಪಕ್ಕದಲ್ಲೇ ನನ್ನ ಗಂಡಿನ ಗೊನೊಪಾಡ್ ಬರೆದೆ. ತುದಿಯಲ್ಲೊಂದು ಪುಟ್ಟ ಮುಳ್ಳು. ಯಾವ ಚಿತ್ರದಲ್ಲೂ ಅದಿಲ್ಲ. ಅಷ್ಟಾದರೂ ಒಂದೇ ಗಂಡನ್ನು ನಂಬಿ ಬರೆಯುವುದು ತಪ್ಪು, ಅದೊಂದರ ಮೈಯ ಊನವೂ ಆಗಿರಬಹುದು. ಮೂರನೇ ಚಳಿಗಾಲದಲ್ಲಿ ಪಕ್ಕದ ಇಳಿಜಾರಿನಲ್ಲಿ ಇನ್ನೂ ನಾಲ್ಕು ಗಂಡು ಸಿಕ್ಕವು. ನಾಲ್ಕರಲ್ಲೂ ಅದೇ ಮುಳ್ಳು, ಅದೇ ಬಾಗು.

6. ಹೊಸ ಜಾತಿಗೆ ಆಧಾರವಾದ ಮಾದರಿ ಹುಳ ನಮ್ಮ ಕಪಾಟಿನಲ್ಲಿ ಉಳಿಯಬಾರದು. ಮುಂದೆ ಅನುಮಾನ ಬಂದವರು ಬಿಚ್ಚಿ ನೋಡುವಂತೆ ಅದು ಸಾರ್ವಜನಿಕ ಸಂಗ್ರಹಾಲಯದಲ್ಲಿರಬೇಕು. ನನ್ನ ಮೊದಲ ಗಂಡು, ಮಾದರಿ ಹುಳದ ಗುರುತಾದ ಕೆಂಪು ಚೀಟಿಯೊಂದಿಗೆ, ಅದು ಹುಟ್ಟಿದ ದ್ವೀಪದಲ್ಲೇ ಇದೆ.