ಹಚ್ಚಂಬಲಿಯಲ್ಲಿಲ್ಲದ ಸೊಪ್ಪು

ನಿನ್ನೆ ರಾತ್ರಿ ಅಡಿಕೆ ಸುಲಿಯುವಾಗ ನೀನು ಎರಡು ಸಲ ಎದ್ದು ಹೋಗಿ ವಾಂತಿ ಮಾಡಿ ಬಂದೆ. ಬಾಯಿ ಮುಕ್ಕಳಿಸಿ ಮತ್ತೆ ಮೆಟ್ಟುಗತ್ತಿ ಮುಂದೆ ಕೂತವಳು ಸಂಚಿ ಬಿಚ್ಚಿ, ಎಲೆಗೆ ಸುಣ್ಣ ಸವರಿ, ಹೊಗೆಸೊಪ್ಪಿನ ಚೂರು ಮುರಿದಿಟ್ಟು ದವಡೆಗೆ ಸೇರಿಸಿದೆ. 'ಇದಿಲ್ದಿದ್ರೆ ಬಾಯಲ್ಲಿ ನೀರೂರೋದು ನಿಲ್ಲೋದೇ ಇಲ್ಲ ನರ್ಸಮ್ಮ' ಅಂದೆ. ಹತ್ತು ಜನರ ಎದುರು ಆಡುವ ಮಾತಲ್ಲ ಅಂತ ನಾನು ಸುಮ್ಮನಾದೆ. ಈಗ ಯಾರೂ ಇಲ್ಲ, ಕೇಳು.

ಬೀಡಿ, ಸಿಗರೇಟು ಸೇದ್ತೀಯಾ ಅಂತ ಆಸ್ಪತ್ರೆಯಲ್ಲಿ ಕೇಳಿದರೆ ನಿನಗೆ ನಗು ಬರುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಹೆಂಗಸರು ಬೀಡಿ ಹಚ್ಚುವುದನ್ನು ಯಾರು ಕಂಡಿದ್ದಾರೆ? 'ಇಲ್ಲಪ್ಪ' ಅಂದುಬಿಡ್ತೀಯ, ಅದು ಸುಳ್ಳೂ ಅಲ್ಲ. ಆದರೆ ಆ ಮಾತು ಹೇಳುವಾಗಲೇ ನಿನ್ನ ಕೆನ್ನೆಯೊಳಗೆ ಹೊಗೆಸೊಪ್ಪು ಇರುತ್ತದಲ್ಲ! 2016-17ರಲ್ಲಿ ದೇಶದ ತುಂಬ ತಂಬಾಕಿನ ಸಮೀಕ್ಷೆ ನಡೆಯಿತು. ಸೇದುವ ಹೆಂಗಸರು ನೂರಕ್ಕೆ 2. ಅಗಿಯುವವರು, ಹಲ್ಲಿಗೆ ತಿಕ್ಕುವವರು ಸೇರಿ ಹೊಗೆಯಿಲ್ಲದ ತಂಬಾಕು ಬಳಸುವ ಹೆಂಗಸರು ಹೆಚ್ಚುಕಮ್ಮಿ 13. ನಮ್ಮ ಕೇರಿಗಳಲ್ಲಿ ತಾಯಿ ಕಾರ್ಡ್ ಹಿಡಿದು ಮನೆಮನೆ ತಿರುಗಿದ ನಾನು ಇದಕ್ಕೆ ಬೆರಗಾಗಲಿಲ್ಲ. ನನ್ನ ಬ್ಯಾಗಿನಲ್ಲೂ ಒಂದು ಕಾಲಕ್ಕೆ ಕಬ್ಬಿಣದ ಮಾತ್ರೆಯ ಪಕ್ಕದಲ್ಲೇ ಎಲೆ ಅಡಿಕೆ ಕವಳದ ಸಂಚಿ ಇರುತ್ತಿತ್ತು. ನಗಬೇಡ, ನಿಜ.

ಸುಣ್ಣ ಯಾಕೆ ಹಚ್ಚುತ್ತೇವೆ ಅಂತ ಯೋಚಿಸಿದ್ದೀಯಾ? ಬಾಯಿ ಕೆಂಪಾಗಲಿ ಅಂತ ಮಾತ್ರ ಅಂದುಕೊಂಡಿದ್ದೆವು. ಅದರ ಕ್ಷಾರ ತಗುಲಿದರೆ ಹೊಗೆಸೊಪ್ಪಿನ ನಿಕೋಟಿನ್ ಬೇಗ ಬಿಟ್ಟುಕೊಂಡು ಕೆನ್ನೆಯ ಒಳಗಿನ ತೆಳು ಚರ್ಮದಿಂದ ನೇರ ರಕ್ತಕ್ಕೆ ಇಳಿಯುತ್ತದೆ. ಹಾಗಾಗಿ 'ನಾನು ರಸ ನುಂಗಲ್ಲ, ಉಗುಳಿಬಿಡ್ತೀನಿ' ಅನ್ನುವ ಸಮಾಧಾನ ಕೆಲಸಕ್ಕೆ ಬಾರದು. ಉಗುಳುವ ಹೊತ್ತಿಗೆ ಹೋಗಬೇಕಾದ್ದು ಹೋಗಿರುತ್ತದೆ. ಅಲ್ಲಿಂದ ಮಾಸು ದಾಟಿ ಮಗುವಿನ ರಕ್ತಕ್ಕೂ ಸೇರುತ್ತದೆ, ಮಾಸಿಗೆ ಹೋಗುವ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಬೀಡಿಯಲ್ಲಿ ಇದರ ಜೊತೆಗೆ ಹೊಗೆಯ ವಿಷಾನಿಲವೂ ಇದೆ, ಒಪ್ಪಿದೆ. ಕವಳದಲ್ಲಿ ಹೊಗೆಯಿಲ್ಲ, ಆದರೆ ನೀನು ಅದನ್ನು ಅರ್ಧ ಗಂಟೆ ದವಡೆಯಲ್ಲಿಟ್ಟುಕೊಂಡು ಕೂರುತ್ತೀಯ. ಕೂಸು ಎರಡೂವರೆ ಕೆ.ಜಿ.ಗಿಂತ ಕಡಿಮೆ ತೂಗುವುದು, ದಿನ ತುಂಬುವ ಮೊದಲೇ ಹೆರಿಗೆ, ಹೊಟ್ಟೆಯಲ್ಲೇ ಮಗು ತೀರಿಕೊಳ್ಳುವುದು, ಇವೆಲ್ಲ ತಂಬಾಕು ತಿನ್ನುವ ಬಸುರಿಯರಲ್ಲಿ ಹೆಚ್ಚು.

ನನ್ನ ಮೊದಲನೆಯವನು ಹುಟ್ಟಿದಾಗ ಎರಡು ಕೆ.ಜಿ. ನೂರು ಗ್ರಾಂ ಇದ್ದ. ಊರಿನ ಮಕ್ಕಳನ್ನೆಲ್ಲ ತೂಗುವವಳ ಮಗ! ಕವಳದಿಂದಲೇ ಹಾಗಾಯಿತು ಅಂತ ಯಾರೂ ಆಣೆ ಮಾಡಿ ಹೇಳಲಾರರು, ನಾನೂ ಹೇಳಲ್ಲ. ಆದರೆ ಅವನು ಮೊಲೆ ಚೀಪಲಾರದೆ ಸುಸ್ತಾಗಿ ಮಲಗುತ್ತಿದ್ದ ಆ ಮಳೆಗಾಲ ನೆನಪಾದರೆ ಇವತ್ತಿಗೂ ಹೊಟ್ಟೆಯೊಳಗೆ ಏನೋ ತಿರುಚಿದಂತಾಗುತ್ತದೆ. ಎರಡನೆಯದು ನಿಂತಾಗ ಹೊಗೆಸೊಪ್ಪು ಬಿಟ್ಟೆ.

'ಅಜ್ಜಿ ಕಾಲದಿಂದ ಬಂದದ್ದು' ಅಂತ ನಿನ್ನತ್ತೆ ಹೇಳಬಹುದು. ಎಲೆ ಅಡಿಕೆ ಅಜ್ಜಿಯ ಅಜ್ಜಿ ಕಾಲದ್ದು, ಸರಿ. ಹೊಗೆಸೊಪ್ಪು ಅಲ್ಲ. ಅದು ಅಮೆರಿಕದ ಗಿಡ, ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಇಲ್ಲೇ ಸಾಗರದ ಪಕ್ಕ ಕೆಳದಿಯಲ್ಲಿ ಚೌಡಪ್ಪ ನಾಯಕ ರಾಜ್ಯ ಕಟ್ಟಿದ ಕಾಲಕ್ಕೆ ನಮ್ಮ ತಟ್ಟೆಯಲ್ಲಿ ಅದಿನ್ನೂ ಇರಲೇ ಇಲ್ಲ. ಇನ್ನು ಸಂಪ್ರದಾಯದ ಮಾತೇ ಬೇಕಿದ್ದರೆ ಭೂಮಿ ಹುಣ್ಣಿಮೆ ನೆನಪು ಮಾಡಿಕೋ. ತೆನೆ ಕಟ್ಟಿದ ಗದ್ದೆಯನ್ನು ಬಸುರಿ ಅಂತ ತಿಳಿದು, ರಾತ್ರಿಯಿಡೀ ಅಡುಗೆ ಮಾಡಿ, ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಹೊತ್ತೊಯ್ದು ಬಯಕೆ ಬಡಿಸುತ್ತೇವಲ್ಲ. ಆ ಬಯಕೆಯ ಅಡುಗೆಯ ಹಚ್ಚಂಬಲಿಗೆ ಕಾಡು ಮೇಡು ಅಲೆದು ಹತ್ತಾರು ಬಗೆ ಸೊಪ್ಪು ತರುತ್ತೇವೆ. ಹೊಗೆಸೊಪ್ಪು ಹಾಕಿದ್ದನ್ನು ನಾನಂತೂ ಕಂಡಿಲ್ಲ.

ಬರೀ ಅಡಿಕೆ ತಿನ್ನಬಹುದಾ ಅಂತ ಕೇಳ್ತೀಯ. ನಮ್ಮ ಸೀಮೆಯಲ್ಲಿ ಇದು ಬಾಯಿ ಬಿಡಲು ಹೆದರಬೇಕಾದ ವಿಷಯ, ಮಾರಾಯ್ತಿ. 1939ರಲ್ಲಿ ಮ್ಯಾಮ್‌ಕೋಸ್ ಸಹಕಾರ ಸಂಘ ಹುಟ್ಟಿದ್ದೇ ಈ ಬೆಳೆಯ ಮಾರಾಟಕ್ಕೆ, ಮನೆ ಕಟ್ಟಿದ್ದು, ಮಕ್ಕಳನ್ನು ಓದಿಸಿದ್ದು ಎಲ್ಲ ಇದರಲ್ಲೇ. ಆದರೂ ಹೇಳಬೇಕು, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಬೆಳೆಗಾರರು ಒಪ್ಪುವುದಿಲ್ಲ, ಜಗಳ ಮುಗಿದಿಲ್ಲ. ನನ್ನ ಅರ್ಧ ಎಕರೆಯ ರಾಶಿ ಅಡಿಕೆಯೂ ಮಂಡಿಗೇ ಹೋಗುವುದು. ಆ ಜಗಳ ಎಲ್ಲಿ ಬೇಕಾದರೂ ತೀರ್ಮಾನವಾಗಲಿ, ನಿನ್ನ ಹೊಟ್ಟೆಯೊಳಗೆ ಬೇಡ. ಬಸಿರು, ಬಾಣಂತನ, ಮಗು ಹಾಲು ಬಿಡುವವರೆಗೆ ಅಡಿಕೆಯನ್ನು ಸುಲಿ, ಬೇಯಿಸು, ಒಣಗಿಸು, ತಿನ್ನಬೇಡ. ನಿಕೋಟಿನ್ ಎದೆಹಾಲಿಗೂ ಇಳಿಯುತ್ತದೆ, ಹಾಗಾಗಿ ಹೆತ್ತ ಮಾರನೇ ದಿನ ಸಂಚಿ ಹುಡುಕುವುದೂ ಬೇಡ. 2013ರಿಂದ ನಮ್ಮ ರಾಜ್ಯದಲ್ಲಿ ಗುಟ್ಕಾ ನಿಷೇಧ ಅಂತ ಅಂಗಡಿಯವರು ಅಡಿಕೆ ಪುಡಿ ಬೇರೆ, ತಂಬಾಕು ಬೇರೆ ಪೊಟ್ಟಣದಲ್ಲಿ ಕೊಡುತ್ತಾರೆ. ಬಾಯಲ್ಲಿ ಎರಡೂ ಒಂದೇ ಆಗುತ್ತದೆ.

ಬಿಡುವುದು ಹೇಗೆ ಅಂತೀಯಾ? ನನಗೆ ಮೊದಲ ನಾಲ್ಕು ದಿನ ತಲೆನೋವು, ಸಿಡಿಸಿಡಿ. ಯಜಮಾನರು ಏನು ಮಾತಾಡಿದರೂ ಜಗಳ. ಬೆಳಿಗ್ಗೆ ಕವಳವಿಲ್ಲದೆ ಹೊರಕಡೆಗೂ ಆಗುತ್ತಿರಲಿಲ್ಲ. ಕಬ್ಬಿಣದ ಮಾತ್ರೆ ನುಂಗುವಾಗ ಮಲಬದ್ಧತೆ ಇನ್ನೂ ಹೆಚ್ಚು. ಎದ್ದ ಕೂಡಲೇ ಎರಡು ಲೋಟ ಬಿಸಿನೀರು, ರಾತ್ರಿ ಬಸಳೆಯೋ ಹರಿವೆಯೋ, ಬಾಳೆಹಣ್ಣು, ಇಷ್ಟರಲ್ಲಿ ವಾರದೊಳಗೆ ಸರಿಹೋಯಿತು. ಬೇಕೇಬೇಕು ಅನ್ನುವ ಆಸೆ ಏಳುತ್ತದಲ್ಲ, ಅದರ ಆಯುಷ್ಯ ಐದಾರು ನಿಮಿಷ. ಅಷ್ಟು ಹೊತ್ತು ಬಾಯಿಗೆ ಏನಾದರೂ ಕೊಡಬೇಕು: ಉಪ್ಪು ಹಾಕಿ ಒಣಗಿಸಿದ ನೆಲ್ಲಿಕಾಯಿ, ಏಲಕ್ಕಿ, ಕೊಬ್ಬರಿ ಚೂರು. ವಾಂತಿಗೆ ಶುಂಠಿಯ ಚೂರು ನಿನ್ನ ಹೊಗೆಸೊಪ್ಪಿಗಿಂತ ಒಳ್ಳೆಯದು. ತೀರ ತಡೆಯದಿದ್ದರೆ ಬರೀ ವೀಳ್ಯದೆಲೆಯಲ್ಲಿ ಏಲಕ್ಕಿ ಮಡಚಿ ಹಾಕು. ಕೈಗೆ ಅಭ್ಯಾಸವಾದ ಆ ಮಡಚುವ ಕೆಲಸವೇ ಅರ್ಧ ಚಟ, ಅದು ನನಗೆ ಆಮೇಲೆ ತಿಳಿಯಿತು.

ಆಶಾ ಕಾರ್ಯಕರ್ತೆ ಬಂದಾಗ ಮುಚ್ಚಿಡಬೇಡ. ಪ್ರತಿ ತಿಂಗಳು 9ಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರ ತಪಾಸಣೆ ಇರುತ್ತದೆ, ಡಾಕ್ಟರ ಬಳಿ ಬಾಯಿಬಿಟ್ಟು ಹೇಳು. ಅಂಗಡಿಯ ನಿಕೋಟಿನ್ ಗಮ್ ನೀನಾಗಿಯೇ ತಂದು ಅಗಿಯಬೇಡ, ಬಸಿರಲ್ಲಿ ಅದು ಅವರನ್ನು ಕೇಳದೆ ಸಲ್ಲ. ಫೋನಿನಲ್ಲಿ ಮಾತಾಡುವುದೇ ಸುಲಭ ಅನ್ನಿಸಿದರೆ 1800-11-2356 ಅಂತ ಸರ್ಕಾರದ್ದೇ ನಂಬರಿದೆ, ಕಾಸು ಕತ್ತರಿಸುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಈಗ ತಿಂಗಳೆಷ್ಟು, ಎರಡೂವರೆಯಾ? ಒಳ್ಳೇದೇ ಆಯಿತು. ಏಳರಲ್ಲಿ ಬಿಟ್ಟರೂ ಲಾಭವೇ, ಈಗಲೇ ಬಿಟ್ಟರೆ ಇನ್ನೂ ಹೆಚ್ಚು.

ನಿನ್ನ ಗಂಡನಿಗೂ ಒಂದು ಮಾತಿದೆ, ಅದನ್ನು ನಾನೇ ಹೇಳ್ತೀನಿ. ಜಡಿಮಳೆಯಲ್ಲಿ ಬಾಗಿಲು ಹಾಕಿಕೊಂಡು ಒಳಗೇ ಬೀಡಿ ಹಚ್ಚುತ್ತಾನೆ. ಬಚ್ಚಲ ಒಲೆಯ ಹೊಗೆ ಸಾಲದು ಅಂತ ಇದು ಬೇರೆ. ನಿನ್ನನ್ನು ಬಿಡಿಸಿ ಅವನನ್ನು ಹಾಗೇ ಬಿಡುವುದು ಯಾವ ನ್ಯಾಯ?

ಸುಲಿಯುವ ಚಪ್ಪರವೇ ನನಗೆ ದೊಡ್ಡ ಚಿಂತೆ. ಅಲ್ಲಿ ಕವಳದ ತಟ್ಟೆ ಕೈಯಿಂದ ಕೈಗೆ ಹೋಗುತ್ತದೆ, ಬೇಡ ಅಂದರೆ ಬಿಂಕ ಅಂತಾರೆ. ನಾಳೆಯಿಂದ ನನ್ನ ಪಕ್ಕ ಕೂರು. ತಟ್ಟೆ ನಮ್ಮ ಸಾಲಿಗೆ ಬಂದರೆ ನಾನೇ ಹಿಡಿದು ಆಚೆ ದಾಟಿಸ್ತೀನಿ. ಎಪ್ಪತ್ತರ ಮುದುಕಿ, ಬರೀ ಎಲೆ ಅಡಿಕೆ ನಾನಿನ್ನೂ ಬಿಟ್ಟಿಲ್ಲ, ಅದು ನಿನಗೂ ಗೊತ್ತು. ನಿನ್ನ ಡಬ್ಬ ತುಂಬಿ ನೀನು ಏಳುವವರೆಗೆ ನಾನೂ ಹಾಕಲ್ಲ. ಆ ಸಂಚಿ ಇತ್ತ ಕೊಡು.