ಒಂದೇ ಪಾತ್ರೆಯ ಕಾಳು, ಎರಡು ಅಡುಗೆ

ದಿನಸಿಯ ದುಡ್ಡು ಸಾಲದೆ ಬಂದ ತಿಂಗಳು ಬಹಳಷ್ಟು ಮನೆಗಳಲ್ಲಿ ಮೊದಲು ಕೈಬಿಡುವುದು ಕಾಳು, ಸೊಪ್ಪು, ಮೊಟ್ಟೆಗಳನ್ನೇ. ಸಾರು ತೆಳ್ಳಗಾಗುತ್ತದೆ, ಅನ್ನ ಹೆಚ್ಚಾಗುತ್ತದೆ. ಹೊಟ್ಟೆಯೇನೋ ತುಂಬುತ್ತದೆ, ಬೆಳೆಯುವ ಮಕ್ಕಳ ಮೈಗೆ ಬೇಕಾದ್ದು ಮಾತ್ರ ಸಿಗುವುದಿಲ್ಲ. ದಿನದ ಒಟ್ಟು ಶಕ್ತಿಯಲ್ಲಿ ಅಕ್ಕಿ, ಗೋಧಿ, ರಾಗಿಯಂಥ ಧಾನ್ಯಗಳ ಪಾಲು ಶೇ. 45ರೊಳಗೇ ಇರಲಿ ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲಿ ಹೇಳಿದೆ. ಅನ್ನ ಮತ್ತು ತಿಳಿಸಾರನ್ನೇ ನಂಬಿದ ತಟ್ಟೆ ಆ ಗೆರೆಯನ್ನು ಸಲೀಸಾಗಿ ದಾಟುತ್ತದೆ.

ಒಬ್ಬರ ಸಂಬಳದಲ್ಲಿ ಸಂಸಾರ ತೂಗಿಸುತ್ತ ನಾನು ಕಲಿತ ಪಾಠ ಇದಕ್ಕೆ ಸಂಬಂಧಿಸಿದ್ದು. ಕಡಿತ ಮಾಡಲೇಬೇಕಾದರೆ ಎಣ್ಣೆ, ಸಕ್ಕರೆ, ಬಿಸ್ಕತ್ತು, ಬೇಕರಿ ತಿಂಡಿಯಲ್ಲಿ ಮಾಡಬೇಕು. ಕಾಳಿನ ಡಬ್ಬಿ ಕೊನೆಯ ವಾರದವರೆಗೂ ತುಂಬಿರಬೇಕು.

ಈ ಲೆಕ್ಕವನ್ನು ಹಳೇ ಮೈಸೂರು ಸೀಮೆಯ ಅಡುಗೆಮನೆಗಳು ಎಂದೋ ಬಗೆಹರಿಸಿವೆ. ಬಸ್ಸಾರನ್ನೇ ನೋಡಿ. ನೆನೆಸಿಟ್ಟ ಹೆಸರುಕಾಳೋ ಅಲಸಂದೆಯೋ ಮುಕ್ಕಾಲು ಬೆಂದ ಮೇಲೆ ಅದೇ ಪಾತ್ರೆಗೆ ಹೆಚ್ಚಿದ ದಂಟಿನ ಸೊಪ್ಪು ಬೀಳುತ್ತದೆ. ಎರಡೂ ಹದವಾಗಿ ಬೆಂದಾಗ ಕಟ್ಟನ್ನು ಬಸಿಯುತ್ತಾರೆ. ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆ, ಒಂದಿಷ್ಟು ಕಾಯಿತುರಿಯ ಜೊತೆಗೆ ಒಂದು ಹಿಡಿ ಬೆಂದ ಕಾಳನ್ನೂ ನುಣ್ಣಗೆ ರುಬ್ಬಿ ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರು. ಉಳಿದ ಕಾಳುಸೊಪ್ಪಿಗೆ ಸಾಸಿವೆ, ಒಣಮೆಣಸಿನಕಾಯಿಯ ಒಗ್ಗರಣೆ ಕೊಟ್ಟರೆ ಪಲ್ಯ. ಗ್ಯಾಸ್ ಉಳಿಯುತ್ತದೆ. ನೀರಿನಲ್ಲಿ ಕರಗುವ ಜೀವಸತ್ವಗಳು ಬಚ್ಚಲಿಗೆ ಹೋಗದೆ ಸಾರಿಗೇ ಸೇರುತ್ತವೆ. ಮರುದಿನ ಮತ್ತೊಮ್ಮೆ ಕುದಿಸಿದ ಬಸ್ಸಾರಿನ ರುಚಿಯಂತೂ ಹೇಳತೀರದು, ಹಾಗಾಗಿ ಉಳಿದದ್ದನ್ನು ಚೆಲ್ಲುವ ಪ್ರಶ್ನೆಯೇ ಇಲ್ಲ.

ಕಾಳುಗಳಲ್ಲಿ ಹುರುಳಿಗೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ. 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ, ಹೆಚ್ಚುಕಡಿಮೆ ತೊಗರಿಬೇಳೆಯಷ್ಟೇ. ಬೆಲೆ ಮಾತ್ರ ಸಾಮಾನ್ಯವಾಗಿ ತೊಗರಿಗಿಂತ ಕಡಿಮೆ. ತೊಗರಿ ದುಬಾರಿಯಾದಾಗ ನಮ್ಮ ಮನೆಯಲ್ಲಿ ಮೊಳಕೆ ಹುರುಳಿಯ ಸಾರು ವಾರಕ್ಕೆ ಎರಡು ಸಲ ಆಗುತ್ತದೆ. ರಾತ್ರಿ ನೆನೆಸಿ, ಬೆಳಿಗ್ಗೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಸಾಕು. ಮೊಳಕೆಯೊಡೆದ ಕಾಳು ಬೇಗ ಬೇಯುತ್ತದೆ, ಅದರಲ್ಲಿ ಸಿ ಜೀವಸತ್ವವೂ ಹೆಚ್ಚುತ್ತದೆ.

ಅದರ ಪಕ್ಕಕ್ಕೆ ಮುದ್ದೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. 100 ಮಿಲಿಲೀಟರ್ ಹಾಲಿನಲ್ಲಿ ಇರುವುದು ಸುಮಾರು 120. ರಾಗಿಯ ಕ್ಯಾಲ್ಸಿಯಂ ಅಷ್ಟೂ ಮೈಗೆ ಹತ್ತುವುದಿಲ್ಲ, ಆದ್ದರಿಂದ ಮಕ್ಕಳ ಹಾಲನ್ನು ನಿಲ್ಲಿಸುವ ಮಾತಿಲ್ಲ. ಆದರೆ ಹಾಲಿನ ಪ್ಯಾಕೆಟ್ ಎರಡರಿಂದ ಒಂದಕ್ಕೆ ಇಳಿದಾಗ ದೊಡ್ಡವರ ಪಾಲಿಗೆ ರಾಗಿ ಆಸರೆಯಾಗುತ್ತದೆ.

2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ 100 ರೂಪಾಯಿ ದಾಟಿತ್ತು. ಆಗ ಹುಣಸೆ ಕೈಹಿಡಿಯಿತು. ಬೇಸಿಗೆಯಲ್ಲಾದರೆ ಮಾವಿನಕಾಯಿ ಇದೆ. ಡಿಸೆಂಬರ್-ಜನವರಿಯಲ್ಲಿ ಅವರೆಕಾಯಿ ರಾಶಿ ರಾಶಿ ಬಂದಾಗ ಸಾರು, ಉಪ್ಪಿಟ್ಟು, ಅಕ್ಕಿರೊಟ್ಟಿ ಎಲ್ಲಕ್ಕೂ ಅದೇ. ಯಾವ ಅಡುಗೆ ಎಂದು ಮೊದಲೇ ತೀರ್ಮಾನಿಸಿ ಸಂತೆಗೆ ಹೋಗುವವರಿಗಿಂತ, ಸಂತೆಯಲ್ಲಿ ಏನು ಇಳಿದಿದೆ ಎಂದು ನೋಡಿ ಅಡುಗೆ ತೀರ್ಮಾನಿಸುವವರ ಚೀಲ ಹೆಚ್ಚು ತುಂಬುತ್ತದೆ. ಸಂಜೆ ಸಂತೆ ಮುಗಿಯುವ ಹೊತ್ತಿಗೆ ಸೊಪ್ಪಿನ ದರವೂ ಇಳಿಯುತ್ತದೆ. ಅಂಥ ಸೊಪ್ಪನ್ನು ಅಂದೇ ಬಿಡಿಸಿಟ್ಟು ಮರುದಿನವೇ ಬೇಯಿಸಬೇಕು.

ಕೆಲವಕ್ಕೆ ದುಡ್ಡೂ ಬೇಡ. ಸೊಪ್ಪಿನ ಪಲ್ಯಕ್ಕೆ ನಿಂಬೆಹುಳಿ ಹಿಂಡಿದರೆ ಅದರ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಬೆನ್ನಿಗೇ ಕುಡಿಯುವ ಕಾಫಿ, ಚಹಾ ಅದನ್ನು ತಡೆಯುತ್ತವೆ. ನಮ್ಮ ಮನೆಯಲ್ಲಿ ಕಾಫಿಯನ್ನು ಊಟದಿಂದ ಒಂದು ಗಂಟೆ ದೂರ ತಳ್ಳಿದ್ದೇವೆ.

ಸಂಬಳದ ದಿನದ ಚೀಟಿಯಲ್ಲಿ ಈಗ ಮೊದಲ ಸಾಲಿಗೆ ಹುರುಳಿ, ಹೆಸರುಕಾಳು, ರಾಗಿ, ಕಡಲೆಕಾಯಿ ಬೀಜ, ಮೊಟ್ಟೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, 100 ಗ್ರಾಂ ಕಡಲೆಕಾಯಿ ಬೀಜದಲ್ಲಿ ಸುಮಾರು 25 ಗ್ರಾಂ. ಸ್ಕೂಲಿನಿಂದ ಬರುವ ಮಕ್ಕಳಿಗೆ ಹುರಿದ ಬೀಜ, ಒಂದು ತುಂಡು ಬೆಲ್ಲ. ಬಿಸ್ಕತ್ತಿನ ಹೆಸರು ಚೀಟಿಯ ಕೊನೆಯಲ್ಲಿದೆ, ಹಣ ಮಿಕ್ಕ ತಿಂಗಳು ಮಾತ್ರ ಅದು ಮನೆಗೆ ಬರುತ್ತದೆ.