ಕ್ಲೌಡ್‌ನಲ್ಲೊಂದು ಕಟ್ಟಡ: ಮೊದಲ ಗೆರೆ ಎಳೆಯುವ ಮುನ್ನ

ಜುಲೈ ಬಂತೆಂದರೆ ಸ್ಟಾಕ್‌ಹೋಮ್‌ನ ವಿನ್ಯಾಸ ಕಚೇರಿಗಳು ಭಣಗುಡುತ್ತವೆ. ಜೂನ್‌ನಿಂದ ಆಗಸ್ಟ್‌ವರೆಗಿನ ಅವಧಿಯಲ್ಲಿ ಸತತ ನಾಲ್ಕು ವಾರ ರಜೆ ಪಡೆಯುವುದು ಇಲ್ಲಿನ ಉದ್ಯೋಗಿಗೆ ಕಾನೂನು ಕೊಟ್ಟ ಹಕ್ಕು. ಅಂಥದೊಂದು ಜುಲೈನಲ್ಲಿ ನಾನಿದ್ದ ತಂಡಕ್ಕೆ ಬೆಂಗಳೂರಿನಿಂದ ಹೊಸ ಎಂಜಿನಿಯರ್ ಸೇರಿದರು. ಅವರನ್ನು ಕ್ಲೌಡ್‌ನಲ್ಲಿದ್ದ ಕಟ್ಟಡದ ಮಾಡೆಲ್‌ಗೆ ಸೇರಿಸುವ ಅಧಿಕಾರ ಇದ್ದದ್ದು ಒಬ್ಬರಿಗೇ. ಆ ಪುಣ್ಯಾತ್ಮರು ಯಾವುದೋ ದ್ವೀಪದ ಬೇಸಿಗೆಮನೆಯಲ್ಲಿ ಫೋನ್ ಆಫ್ ಮಾಡಿ ಕೂತಿದ್ದರು. ಉಗ್ರಾಣದ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡವರೇ ಮದುವೆ ಮನೆ ಬಿಟ್ಟು ಹೊರಟ ಹಾಗೆ. ಹೊಸಬರು ಎರಡು ವಾರ ಪಿಡಿಎಫ್ ನೋಡುತ್ತ ಕೂತರು.

ಸ್ವೀಡನ್ನಿನ ಕೆಲಸಕ್ಕೆ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕೂತು ಮಾಡೆಲ್ ಮಾಡುವವರಿಗೂ ಇಲ್ಲಿಗೇ ಬಂದು ಸೇರಿದವರಿಗೂ ಈ ಲೇಖನ. ಉದಾಹರಣೆಗೆ ಆರಿಸಿಕೊಂಡದ್ದು ಟೆಕ್ಲಾ ಸ್ಟ್ರಕ್ಚರ್ಸ್ ಎಂಬ ಮಾಡೆಲಿಂಗ್ ತಂತ್ರಾಂಶ. 1966ರಲ್ಲಿ ನೆರೆಯ ಫಿನ್ಲೆಂಡ್‌ನಲ್ಲಿ ಶುರುವಾದ ಟೆಕ್ಲಾ ಕಂಪನಿ 2011ರಿಂದ ಅಮೆರಿಕದ ಟ್ರಿಂಬಲ್ ಕೈಯಲ್ಲಿದೆ. ರೆವಿಟ್ ಬಳಸುವವರಿಗೂ ಇಲ್ಲಿನ ಬಹುಪಾಲು ಮಾತು ಅನ್ವಯಿಸುತ್ತದೆ.

ಬೀಗದ ಕೈ ಯಾರ ಹತ್ತಿರ?

ಮೊದಲು ಕೇಳಬೇಕಾದ್ದು, ಈ ಕಟ್ಟಡವನ್ನು ಕ್ಲೌಡ್‌ಗೆ ಹಾಕಬಹುದೇ ಎಂದು. ಸ್ವೀಡನ್ನಿನ ಭದ್ರತೆಗೆ ಸಂಬಂಧಿಸಿದ ಕೆಲಸಗಳಿಗೆ 2019ರ ಏಪ್ರಿಲ್ 1ರಿಂದ ಹೊಸ ಭದ್ರತಾ ಕಾನೂನು ಜಾರಿಯಲ್ಲಿದೆ. ಈ ಕಟ್ಟಡ ಅದರಡಿ ಬರುತ್ತದೆಯೇ ಎಂದು ಗ್ರಾಹಕರಿಂದ ಲಿಖಿತ ಉತ್ತರ ಬರುವವರೆಗೆ ಒಂದು ಫೈಲನ್ನೂ ಮೇಲೇರಿಸಬೇಡಿ. ಒಪ್ಪಿಗೆ ಸಿಕ್ಕರೆ, ಪ್ರಾಜೆಕ್ಟ್ ತೆರೆಯುವಾಗಲೇ ದತ್ತಾಂಶ ಇಡುವ ಜಾಗ ಯುರೋಪ್ ಎಂದು ಆರಿಸಿ.

ಟೆಕ್ಲಾ ಮಾಡೆಲ್ ಶೇರಿಂಗ್‌ನಲ್ಲಿ ನಾಲ್ಕು ಪಾತ್ರಗಳಿವೆ: ಓನರ್, ಎಡಿಟರ್, ವ್ಯೂವರ್, ಪ್ರಾಜೆಕ್ಟ್ ವ್ಯೂವರ್. ಓನರ್‌ಗಳು ಇಬ್ಬರಿರಲಿ, ಒಬ್ಬರು ಸ್ಟಾಕ್‌ಹೋಮ್‌ನಲ್ಲಿ, ಇನ್ನೊಬ್ಬರು ಬೆಂಗಳೂರಿನಲ್ಲಿ. ದೀಪಾವಳಿಗೂ ಜುಲೈ ರಜೆಗೂ ಡಿಕ್ಕಿಯಾಗುವುದಿಲ್ಲ.

ಸೊನ್ನೆ ಎಲ್ಲಿ?

ಹೆಚ್ಚಿನ ಪ್ರಾಜೆಕ್ಟ್‌ಗಳು ಎಡವುವುದು ಇಲ್ಲಿ. ಸ್ವೀಡನ್ನಿನಲ್ಲಿ ನಿವೇಶನದ ಅಳತೆ ಸ್ವೆರೆಫ್ 99 ಎಂಬ ರಾಷ್ಟ್ರೀಯ ನಿರ್ದೇಶಾಂಕ ವ್ಯವಸ್ಥೆಯಲ್ಲಿ ಬರುತ್ತದೆ. ಅದಕ್ಕೆ ಪ್ರದೇಶವಾರು ವಲಯಗಳಿವೆ: ಸ್ಟಾಕ್‌ಹೋಮ್‌ಗೆ 18 00, ಗೋಥೆನ್‌ಬರ್ಗ್‌ಗೆ 12 00. ಸ್ಟಾಕ್‌ಹೋಮ್‌ನ ಒಂದು ಬಿಂದುವಿನ ಉತ್ತರ ನಿರ್ದೇಶಾಂಕವೇ ಸುಮಾರು 65.8 ಲಕ್ಷ ಮೀಟರ್. ಇದನ್ನು ಹಾಗೇ ಮಾಡೆಲ್‌ಗೆ ತುಂಬಿದರೆ ಗೆರೆಗಳು ನಡುಗುತ್ತವೆ, ಮಿಲಿಮೀಟರ್ ಲೆಕ್ಕ ತಪ್ಪುತ್ತದೆ. ರೆವಿಟ್ ಅಂತೂ ತನ್ನ ಮೂಲಬಿಂದುವಿನಿಂದ 16 ಕಿ.ಮೀ. ಆಚೆಗಿನ ಆಕೃತಿಯನ್ನು ನೆಟ್ಟಗೆ ನಿಭಾಯಿಸುವುದಿಲ್ಲ.

ಹಾಗಾಗಿ ನಿವೇಶನದ ಹತ್ತಿರವೇ ಒಂದು ಸ್ಥಳೀಯ ಸೊನ್ನೆ ಗೊತ್ತುಮಾಡಿ. ಆ ಬಿಂದುವಿನ ಸ್ವೆರೆಫ್ ಬೆಲೆ, ಎತ್ತರ, ಉತ್ತರ ದಿಕ್ಕಿನಿಂದ ತಿರುಗಿದ ಕೋನ, ಮೂರನ್ನೂ ಒಂದೇ ಪುಟದಲ್ಲಿ ಬರೆದು ಎಲ್ಲರಿಗೂ ಕೊಡಿ. ಟೆಕ್ಲಾದಲ್ಲಿ ಇದನ್ನು ಬೇಸ್ ಪಾಯಿಂಟ್ ಆಗಿ ಉಳಿಸಬೇಕು.

ಎತ್ತರದ ಕಥೆ ಇನ್ನೂ ಸ್ವಾರಸ್ಯದ್ದು. ಹಿಮಯುಗದ ಮಂಜುಗಡ್ಡೆಯ ಭಾರ ಇಳಿದ ಮೇಲೆ ಈ ನೆಲ ಇನ್ನೂ ಮೇಲೇಳುತ್ತಲೇ ಇದೆ, ವರ್ಷಕ್ಕೆ ಕೆಲವು ಮಿಲಿಮೀಟರ್. ಅದೂ ಸೇರಿ, ಸ್ಟಾಕ್‌ಹೋಮ್‌ನ ಹಳೆಯ ನಕ್ಷೆಗಳ ಆರ್‌ಎಚ್ 00 ವ್ಯವಸ್ಥೆಯ ಎತ್ತರಕ್ಕೂ ಇಂದಿನ ಆರ್‌ಎಚ್ 2000 ಎತ್ತರಕ್ಕೂ ಸುಮಾರು ಅರ್ಧ ಮೀಟರ್ ವ್ಯತ್ಯಾಸ. ಹಳೆಯ ಕಟ್ಟಡಕ್ಕೆ ಹೊಸ ಭಾಗ ಜೋಡಿಸುವ ಕೆಲಸವಾದರೆ, ಡ್ರಾಯಿಂಗ್ ಮೂಲೆಯಲ್ಲಿ ಯಾವ ವ್ಯವಸ್ಥೆ ನಮೂದಾಗಿದೆ ಎಂದು ಕಣ್ಣಾರೆ ನೋಡದೆ ಒಂದು ಕಾಲಂ ಕೂಡ ನಿಲ್ಲಿಸಬೇಡಿ.

ಪರೀಕ್ಷೆ ಸರಳ. ಆರ್ಕಿಟೆಕ್ಟ್, ಸ್ಟ್ರಕ್ಚರಲ್, ಪ್ಲಂಬಿಂಗ್, ಎಲೆಕ್ಟ್ರಿಕಲ್ ತಂಡಗಳು ತಂತಮ್ಮ ಮಾಡೆಲ್‌ನಲ್ಲಿ ಗೊತ್ತಾದ ಒಂದೇ ಬಿಂದುವಿನಲ್ಲಿ ಒಂದೊಂದು ಚಿಕ್ಕ ಘನ ಇಟ್ಟು, ಐಎಫ್‌ಸಿ ಫೈಲ್ ತೆಗೆದು, ಟ್ರಿಂಬಲ್ ಕನೆಕ್ಟ್ ಎಂಬ ಕ್ಲೌಡ್ ತಾಣದಲ್ಲಿ ಒಂದರ ಮೇಲೊಂದು ಹಾಕಲಿ. ನಾಲ್ಕೂ ಘನಗಳು ಒಂದಾಗಿ ಕೂತರೆ ಕೆಲಸ ಶುರುಮಾಡಿ.

ಹೆಸರು, ಫೋಲ್ಡರ್

ಇದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಆರ್ಕಿಟೆಕ್ಟ್‌ಗೆ ಎ, ಸ್ಟ್ರಕ್ಚರಲ್‌ಗೆ ಕೆ, ಎಲೆಕ್ಟ್ರಿಕಲ್‌ಗೆ ಇ ಎಂಬ ಸ್ವೀಡಿಷ್ ರೂಢಿ ಇದ್ದೇ ಇದೆ. ಚುಕ್ಕಿ, ಸೊನ್ನೆ ಹೊತ್ತ ಮೂರು ಸ್ವೀಡಿಷ್ ಸ್ವರಾಕ್ಷರಗಳು ಫೈಲ್ ಹೆಸರಿನಲ್ಲಿ ಬೇಡ, ಬೇರೆ ಕಂಪ್ಯೂಟರ್‌ನಲ್ಲಿ ವಿಚಿತ್ರ ಚಿಹ್ನೆಗಳಾಗಿ ಬಿಡಬಹುದು. ಫೋಲ್ಡರ್‌ಗಳಿಗೆ ಐಎಸ್‌ಒ 19650 ಹೇಳುವ ನಾಲ್ಕು ಹಂತ ಸಾಕು: ನಡೆಯುತ್ತಿರುವ ಕೆಲಸ, ಹಂಚಿಕೊಂಡದ್ದು, ಪ್ರಕಟವಾದದ್ದು, ಕಡತಕ್ಕೆ ಸೇರಿದ್ದು. ವಾರವಾರದ ಐಎಫ್‌ಸಿಗೆ ಒಂದೇ ಹೆಸರಿರಲಿ. ಹಳೆಯ ಆವೃತ್ತಿಯನ್ನು ಕ್ಲೌಡ್ ತಾನೇ ಇಟ್ಟುಕೊಳ್ಳುತ್ತದೆ. ‘ಫೈನಲ್’, ‘ಫೈನಲ್ ಹೊಸದು’, ‘ಇದೇ ಫೈನಲ್’ ಎಂಬ ನಮ್ಮೆಲ್ಲರ ಹಳೆಯ ಚಾಳಿಗೆ ಇಲ್ಲಿ ಜಾಗವಿಲ್ಲ.

ದಿನದ ಲಯ

ಟೆಕ್ಲಾದಲ್ಲಿ ಪ್ರತಿಯೊಬ್ಬರ ಕಂಪ್ಯೂಟರ್‌ನಲ್ಲೂ ಮಾಡೆಲ್‌ನ ಸ್ವಂತ ಪ್ರತಿ ಇರುತ್ತದೆ. ‘ರೀಡ್ ಇನ್’ ಒತ್ತಿದರೆ ಇತರರ ಬದಲಾವಣೆ ಒಳಗೆ ಬರುತ್ತದೆ, ‘ರೈಟ್ ಔಟ್’ ಒತ್ತಿದರೆ ನಿಮ್ಮದು ಹೊರಗೆ ಹೋಗುತ್ತದೆ. ಒಂದೇ ಬೀಮ್ ಅನ್ನು ಇಬ್ಬರು ಬದಲಿಸಿದರೆ ಮೊದಲು ರೈಟ್ ಔಟ್ ಮಾಡಿದವರದೇ ಉಳಿಯುತ್ತದೆ, ಎರಡನೆಯವರ ಕೆಲಸ ಅಳಿದುಹೋಗುತ್ತದೆ. ಹಾಗಾಗಿ ಕೆಲಸವನ್ನು ಬೀಮ್, ಕಾಲಂ ಎಂದು ಹಂಚಬೇಡಿ. ಮಹಡಿ, ಮೆಟ್ಟಿಲ ಗೋಪುರ ಎಂದು ಜಾಗದ ಲೆಕ್ಕದಲ್ಲಿ ಹಂಚಿ. ಒಂದು ಡ್ರಾಯಿಂಗ್‌ಗೆ ಒಬ್ಬರೇ ಕೈ ಹಾಕಲಿ.

ಚಳಿಗಾಲದಲ್ಲಿ ಬೆಂಗಳೂರು ನಾಲ್ಕೂವರೆ ಗಂಟೆ ಮುಂದೆ, ಬೇಸಿಗೆಯಲ್ಲಿ ಮೂರೂವರೆ. ಡಿಸೆಂಬರಿನಲ್ಲಿ ಸ್ಟಾಕ್‌ಹೋಮ್ ಎಂಟಕ್ಕೆ ಕುರ್ಚಿಗೆ ಬಂದಾಗ ಬೆಂಗಳೂರಿನಲ್ಲಿ ಊಟದ ಹೊತ್ತು. ಬೆಂಗಳೂರಿನವರು ಊಟಕ್ಕೆ ಏಳುವ ಮುನ್ನ ಮತ್ತು ಮನೆಗೆ ಹೊರಡುವ ಮುನ್ನ ರೈಟ್ ಔಟ್ ಮಾಡಲಿ, ಏನು ಬದಲಿಸಿದೆವೆಂದು ಒಂದು ಸಾಲು ಟಿಪ್ಪಣಿ ಹಾಕಲಿ. ಸ್ಟಾಕ್‌ಹೋಮ್‌ನವರು ಬೆಳಗಿನ ಮೊದಲ ಕೆಲಸವಾಗಿ ರೀಡ್ ಇನ್ ಮಾಡಲಿ. ಕೆಲಸದ ನಡುವೆ ಯಾರೂ ತಂತ್ರಾಂಶದ ಆವೃತ್ತಿ ಬದಲಿಸಬಾರದು. ಎಲ್ಲರದೂ ಒಂದೇ ಆಗಿದ್ದರೆ ಮಾತ್ರ ಮಾಡೆಲ್ ಹಂಚಿಕೆ ನಡೆಯುವುದು.

ಕಟ್ಟಲು ಕೊಡುವ ಅಂತಿಮ ನಕ್ಷೆಗಳಿಗೆ ಇಲ್ಲಿ ‘ಬ್ಯುಗ್‌ಹ್ಯಾಂಡ್ಲಿಂಗ್’ ಎನ್ನುತ್ತಾರೆ. ಅವು ಹೊರಡುವ ದಿನ ಎಲ್ಲರೂ ರೈಟ್ ಔಟ್ ಮಾಡಿದ ಮೇಲೆ ಓನರ್ ಆ ಹೊತ್ತಿನ ಮಾಡೆಲ್ ಅನ್ನು ‘ಬೇಸ್‌ಲೈನ್’ ಆಗಿ ಉಳಿಸಲಿ. ಆಮೇಲೆ ಸೇರುವವರಿಗೂ ಅಲ್ಲಿಂದಲೇ ಮಾಡೆಲ್ ಬೇಗ ಇಳಿಯುತ್ತದೆ.

ಜೂನ್ 19ರಿಂದ 25ರ ನಡುವಿನ ಶುಕ್ರವಾರ ಮಿಡ್‌ಸಮ್ಮರ್ ಹಬ್ಬದ ಮುನ್ನಾದಿನ; ಅಲ್ಲಿಂದಾಚೆ ಯಾರೂ ಕೈಗೆ ಸಿಗುವುದಿಲ್ಲ. ಆ ವಾರದ ಸೋಮವಾರಕ್ಕೆ ಕ್ಯಾಲೆಂಡರ್‌ನಲ್ಲಿ ಅರ್ಧ ಗಂಟೆ ಗುರುತು ಹಾಕಿಕೊಂಡು ಬಳಕೆದಾರರ ಪಟ್ಟಿ ತೆರೆಯಿರಿ. ಕೆಲಸ ಬಿಟ್ಟುಹೋದವರನ್ನು ತೆಗೆಯಿರಿ. ಓನರ್ ಇಬ್ಬರಲ್ಲಿ ಯಾರು ಯಾವ ವಾರ ಇರುತ್ತಾರೆಂದು ಕೇಳಿ ಬರೆದುಕೊಳ್ಳಿ.